ಹೆಬ್ಬೆರಳಿನ ಲೆಕ್ಕ

ಎಪ್ಪತ್ತರ ದಶಕದಲ್ಲಿ ಅಮೆರಿಕದ ಫೋರ್ಟ್ ಲೀಯ ಹೋಟೆಲೊಂದರಲ್ಲಿ ನಾನು ಅಡುಗೆಗಿದ್ದೆ. ಒಟ್ಟೋ ಅನ್ನೋ ಜರ್ಮನ್ ಮುದುಕ ಅಲ್ಲಿ ಬ್ರೆಡ್ಡು ಮಾಡುತ್ತಿದ್ದ. ಒಂದು ಬೆಳಿಗ್ಗೆ ನೋಡಿದರೆ ಹೋಟೆಲಿನ ವ್ಯಾನು ಹಿಮದಲ್ಲಿ ಹೂತುಹೋಗಿದೆ. ಸೋತವನು ಸಲಿಕೆ ಹಿಡಿಯಬೇಕು ಅಂತ ಒಟ್ಟೋ ಇಸ್ಪೀಟು ತೆಗೆದ.

ಅವರ ಊರಿನ ಆಟ ಸುಲಭ. ಸರದಿಯಂತೆ ಎಲೆ ಹಾಕಿ, ಅದರ ಸಂಖ್ಯೆಯನ್ನು ಹಿಂದಿನ ಮೊತ್ತಕ್ಕೆ ಕೂಡಿಸಿ ಗಟ್ಟಿಯಾಗಿ ಹೇಳಬೇಕು. ಹತ್ತರ ಎಲೆ ಬಿದ್ದರೆ ಮಾತ್ರ ಹತ್ತು ಕಳೆಯಬೇಕು. ತೊಂಬತ್ತೊಂಬತ್ತು ದಾಟಿಸಿದವನು ಸೋತ.

ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ಆದರೂ ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಆಗ ಹಡ್ಸನ್ ನದಿಯ ಎರಡು ದಡದಲ್ಲೂ ಇರಲಿಲ್ಲ. ಅಜ್ಜಿ ಕಲಿಸಿದ ಹಾಗೆ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆರೆ ಮೇಲೆ ಓಡಿಸುತ್ತಾ ಕೂಡಿಸುತ್ತಿದ್ದೆ.

ಒಟ್ಟೋಗೆ ಅನುಮಾನ ಬಂತು. “ಕೈಯೊಳಗೆ ಏನಿಟ್ಟಿದ್ದೀಯ?” ಅಂತ ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದ.

“ಲೆಕ್ಕ ಇಟ್ಟಿದ್ದೀನಿ” ಅಂತ ಕೈ ಬಿಚ್ಚಿ ತೋರಿಸಿದೆ.

“ಮಂತ್ರ ಹಾಕ್ತಿದ್ದೀಯ ನೀನು.”

“ಹೂಂ, ನಿನ್ನ ಸೊಂಟ ಹಿಡ್ಕೊಳ್ಳಲಿ ಅಂತ. ಎಲೆ ಹಾಕು ಮಾರಾಯ.”

ಆಮೇಲೆ ಅವನ ಕಣ್ಣು ನನ್ನ ಹೆಬ್ಬೆರಳು ಬಿಟ್ಟು ಕದಲಲಿಲ್ಲ. ಮೊತ್ತ ತೊಂಬತ್ತಮೂರು ಆಗಿತ್ತು. ಅವನು ಎಂಟು ಹಾಕಿ, “ತೊಂಬತ್ತೊಂದು” ಅಂದ.

“ನೂರೊಂದು” ಅಂದೆ.

ಅವನು ಮೊದಲಿಂದ ಎಲ್ಲ ಎಲೆಗಳನ್ನೂ ಕೂಡಿಸಿ ನೋಡಿ, ಕೋಟು ಹಾಕಿಕೊಂಡು ಸಲಿಕೆ ಎತ್ತಿಕೊಂಡ.

ಬಡಪಾಯಿ ಕೇಳಿದ ಅಂತ ಗೆರೆ ಎಣಿಸುವುದನ್ನು ಕಲಿಸಿಕೊಟ್ಟೆ. ಮುಂದಿನ ಹಿಮಕ್ಕೆ ಅವನೇ ಗೆದ್ದ. ಅವನು ಬಗೆದಿದ್ದ ಹಿಮ ಮೊಣಕಾಲುದ್ದ ಇದ್ದಿರಬಹುದು. ನಾನು ಬಗೆದದ್ದು ಮಾತ್ರ ಮೂರನೇ ಮಹಡಿಯ ಕಿಟಕಿ ಮುಟ್ಟಿತ್ತು.