ಬಾಣಂತಿಗೆ ತಂದ ಸಣ್ಣ ಮೀನು

ಯಾವ ಮೀನು ಹೆಚ್ಚು ರುಚಿ ಎಂದು ನಮ್ಮ ಮನೆಯಲ್ಲಿ ಕೇಳಬಾರದು. ಕೇಳಿದರೆ ಮಾವ ಊಟ ನಿಲ್ಲಿಸಿ ಮಾತಿಗೆ ಕೂಡುತ್ತಾರೆ. ಕಾಟ್ಲಾದಲ್ಲಿ ತಲೆ ಮಾತ್ರ ತಿನ್ನಬೇಕು, ಉಳಿದದ್ದು ಬರೀ ತೂಕ. ರೋಹು ಆದರೆ ಕಾಗಿಣಾ ಹೊಳೆಯದ್ದೇ ಆಗಬೇಕು, ಅದರಲ್ಲೂ ಹೊಟ್ಟೆಯ ಭಾಗ. ಚಿಂಚೋಳಿ ಡ್ಯಾಮಿನ ಮೀನಿಗೆ ಕಾಡಿನಿಂದ ಹರಿದುಬಂದ ನೀರಿನ ರುಚಿ ಇರುತ್ತದೆ. ಹರೆಯದಲ್ಲಿ ಅವರು ಎರಡು ವರ್ಷ ಅಲ್ಲಿ ಬಲೆ ಹಾಕಿದವರು. ಇನ್ನು ಕಲ್ಲಿನ ಖಣಿಯ ನೀರಿನಲ್ಲಿ ಬೆಳೆದ ಮೀನಿಗೆ ಕೆಸರಿನ ವಾಸನೆಯೇ ಇಲ್ಲ, ಏಕೆಂದರೆ ತಳದಲ್ಲಿ ಇರುವುದು ಮಣ್ಣಲ್ಲ, ನೆಲಕ್ಕೆ ಹಾಸುವ ಫರ್ಸಿ ಬಂಡೆ. ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು ರೊಟ್ಟಿ ಮಗುಚಿ ಹಾಕುತ್ತ ಹೇಳುತ್ತಾರೆ, “ರುಚಿ ಎಲ್ಲಾ ನೀರಾಗೇ ಇದ್ರ, ನಾ ಯಾಕ ಖಾರ ಅರಿಬೇಕು?”

ಯಾವ ಮೀನು ರುಚಿ ಎಂಬ ಪ್ರಶ್ನೆಗೆ ನಾನು ಮದುವೆಯಾಗಿ ಬಂದ ಮೇಲೆ ಎರಡು ವರ್ಷ ಸುಳ್ಳು ಉತ್ತರ ಹೇಳಿಕೊಂಡಿದ್ದೆ.

ನನ್ನ ತವರು ವಾಡಿ. ಅಪ್ಪ ರೈಲ್ವೆಯಲ್ಲಿದ್ದರು. ನಮ್ಮ ಕ್ವಾರ್ಟರ್ಸಿಗೆ ಮೀನು ಬರುತ್ತಿದ್ದದ್ದು ಅಂಗಡಿಯಲ್ಲಿ ತುಂಡಾಗಿ, ಕರಿಯ ಚೀಲದಲ್ಲಿ. ಅಮ್ಮ ಮುಳ್ಳು ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು. ಶಾಲೆಗೆ ದಿನಾ ರೈಲಿನಲ್ಲಿ ಶಹಾಬಾದಿಗೆ ಹೋಗುತ್ತಿದ್ದೆ, ಕಾನ್ವೆಂಟಿಗೆ. ಅಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿದಾಗಲೂ ಒಂದು ಶಿಸ್ತು ಇತ್ತು. ಬೆನ್ನು ನೆಟ್ಟಗಿರಬೇಕು, ಅಗಿಯುವ ಸಪ್ಪಳ ಕೇಳಿಸಬಾರದು, ಬಾಯಿಗೆ ಹಾಕಿದ್ದನ್ನು ಮತ್ತೆ ಕೈಗೆ ತೆಗೆಯಬಾರದು. ಆ ಶಿಸ್ತಿನ ಮೇಲೆ ನನಗೆ ಇವತ್ತಿಗೂ ಬೇಸರವಿಲ್ಲ. ಆದರೆ ಅದನ್ನು ಇಟ್ಟುಕೊಂಡು ಮುಳ್ಳಿನ ಮೀನು ತಿನ್ನಲಾಗುವುದಿಲ್ಲ.

ಗಂಡನ ಮನೆ ಚಿತ್ತಾಪುರ ತಾಲ್ಲೂಕಿನ ಒಂದು ಹೊಳೆದಂಡೆಯ ಊರು. ನನ್ನವರಿಗೆ ಚಿತ್ತಾಪುರದಲ್ಲಿ ಜೆರಾಕ್ಸ್ ಅಂಗಡಿ. ಅತ್ತೆ ಮಾವ ಮಾತ್ರ ತಮ್ಮ ಹಿರಿಯರ ಹಾಗೆ ಮೀನು ಹಿಡಿದೇ ಬದುಕಿದವರು. ನಾನು ಬಂದ ಮೊದಲ ವಾರ ಅತ್ತೆ ದಿನಕ್ಕೊಂದು ಬಗೆಯ ಮೀನು ಮಾಡಿ ಬಡಿಸಿದರು. ಮೂರು ದಿನ ನಾನು ಸಾರಿನಲ್ಲಿ ರೊಟ್ಟಿ ಅದ್ದಿಕೊಂಡು, ತುಂಡನ್ನು ತಟ್ಟೆಯ ಅಂಚಿಗೆ ಸರಿಸಿ, ಹೊಟ್ಟೆ ತುಂಬಿತೆಂದು ಎದ್ದೆ. ನಾಲ್ಕನೆಯ ದಿನ ಬಂದದ್ದು ಕೊರಮೀನು. ನಮ್ಮ ಕಡೆ ಅದಕ್ಕೆ ಮರಲ್ ಎನ್ನುತ್ತಾರೆ. ನಡುವೆ ಒಂದೇ ದಪ್ಪ ಮುಳ್ಳು, ಉಳಿದದ್ದೆಲ್ಲ ಬಿಳಿಯ ಮಾಂಸ. ಅದನ್ನು ಪೂರ್ತಿ ತಿಂದೆ.

“ಯಾವುದು ಸೇರ್ತದವ್ವ ನಿನಗ?” ಎಂದರು ಅತ್ತೆ.

“ಈ ಮೀನ ಭಾಳ ಛಲೋ ಇತ್ರಿ,” ಎಂದೆ.

ಮಾವ ನಕ್ಕರು. “ವಾಡಿ ಹುಡುಗಿ ನಾಲಿಗಿ ತುಟ್ಟಿ ಅದ ನೋಡು.”

ಮರಲ್ ಎಂದರೆ ಸಿಗುವುದೂ ಕಷ್ಟ, ಸಿಕ್ಕರೆ ಸೇಡಂ ಸಂತೆಯಲ್ಲಿ ಜನ ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ಬಲೆಗೆ ಬಿದ್ದ ಮರಲ್ ಮಾರಾಟಕ್ಕೆ ಹೋಗದೆ ನನ್ನ ತಟ್ಟೆಗೆ ಬಂತು. ಉಳಿದವರೆಲ್ಲ ಮುಳ್ಳಿನ ಮೀನು ತಿಂದರು. ನಾನು ಸಂಕೋಚದಿಂದ ಬಾಯಿ ಮುಚ್ಚಿಕೊಂಡೆ.

ಅವರ ದೋಣಿಯ ವಿಷಯ ಹೇಳಬೇಕು. ಅದು ದುಂಡನೆಯ ಹರಿಗೋಲು, ಪುಟ್ಟಿ ಎನ್ನುತ್ತಾರೆ. ಬಿದಿರಿನ ದೊಡ್ಡ ಬುಟ್ಟಿಗೆ ತಾಡಪತ್ರಿ ಹೊದಿಸಿ ಡಾಂಬರು ಬಳಿದಿರುತ್ತಾರೆ. ಬಿಸಿಲೇರಿದರೆ ಡಾಂಬರಿನ ವಾಸನೆ ಏಳುತ್ತದೆ. ಬಲೆಯ ಮೇಲಂಚಿಗೆ ಹಳೆಯ ರಬ್ಬರ್ ಚಪ್ಪಲಿಗಳನ್ನು ಕತ್ತರಿಸಿ ಬೆಂಡು ಕಟ್ಟಿದ್ದರು, ನೀಲಿ, ಬಿಳಿ, ಒಂದೆರಡು ಹಸಿರು. ಒಂದಕ್ಕೆ ಬಾರು ಹಾಕುವ ತೂತು ಹಾಗೇ ಇತ್ತು. ಅದು ನನ್ನವರು ಚಿಕ್ಕವರಿದ್ದಾಗ ಹಾಕಿಕೊಂಡಿದ್ದ ಚಪ್ಪಲಿಯಂತೆ.

ಮದುವೆಯಾದ ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನನ್ನನ್ನೂ ಕೂಡಿಸಿಕೊಂಡು ಹೋಗಿದ್ದರು, ಊರ ಹಿಂದಿನ ಖಣಿಗೆ. ಕಲ್ಲು ಒಡೆಯುವುದು ನಿಂತು ವರ್ಷಗಳಾಗಿ ಅದರಲ್ಲಿ ನೀರು ತುಂಬಿತ್ತು. ಎಷ್ಟು ತಿಳಿ ಎಂದರೆ ಕಲ್ಲು ಕಡಿದ ಮೆಟ್ಟಿಲುಗಳು ಒಂದರ ಕೆಳಗೊಂದು ಹಸಿರಾಗಿ ಕಾಣುತ್ತಿದ್ದವು. ದುಂಡು ದೋಣಿಗೆ ಹಿಂದು ಮುಂದು ಇಲ್ಲ. ಬಿಟ್ಟರೆ ಬುಗುರಿಯ ಹಾಗೆ ಸುತ್ತುತ್ತದೆ. ಅತ್ತೆ ಮುಂದಕ್ಕೆ ಬಾಗಿ, ಹುಟ್ಟಿನಿಂದ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೀರನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಮಾವ ಬಲೆ ಎತ್ತುತ್ತಿದ್ದರು. ದಂಡೆಯ ಮೇಲೆ ಉಪ್ಪಿಗೂ ಹುಳಿಗೂ ಜಗಳವಾಡುವ ಇಬ್ಬರು ನೀರಿನ ಮೇಲೆ ಒಂದು ಮಾತೂ ಆಡಲಿಲ್ಲ. ಮಾವ ಗದ್ದ ತಿರುಗಿಸಿದ ಕಡೆ ಪುಟ್ಟಿ ಹೋಗುತ್ತಿತ್ತು.

ನಾನು ಮೊಣಕಾಲು ಜೋಡಿಸಿ ನೆಟ್ಟಗೆ ಕೂತಿದ್ದೆ. ಅತ್ತೆ ದಂಡೆಗೆ ಬಂದ ಮೇಲೆ ಹೇಳಿದರು, “ಪುಟ್ಟಿನ್ಯಾಗ ಹಂಗ ಬಿಗಿ ಹಿಡದು ಕುಂದ್ರಬ್ಯಾಡ. ಮೈ ಸಡಲ ಬಿಡು.”

ಎರಡನೆಯ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನನಗೆ ಮಗಳು ಹುಟ್ಟಿದಳು. ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. “ಇಕಿನ ಬಾಣಂತನ ನಾ ಮಾಡ್ತೀನಿ,” ಎಂದು ಅತ್ತೆ ಫೋನಿನಲ್ಲಿ ಅಮ್ಮನಿಗೆ ಹೇಳಿ, ಹುಟ್ಟನ್ನು ಅಟ್ಟದ ಮೇಲಿಟ್ಟರು.

ಮಗು ಬಹಳ ಸಣ್ಣದಿತ್ತು. ಎದೆಗೆ ಹಚ್ಚಿದರೆ ಎರಡು ಗುಟುಕು ಎಳೆದು ಅಳುತ್ತಿತ್ತು. ಎರಡು ವಾರವಾದ ಮೇಲೆ ಆಶಾ ಕಾರ್ಯಕರ್ತೆ ಬಂದು ಬಟ್ಟೆಯ ಜೋಳಿಗೆಯಲ್ಲಿ ಮಲಗಿಸಿ ತೂಗಿದಳು. ಅಂಕಿ ನೋಡಿ ಇನ್ನೊಮ್ಮೆ ತೂಗಿದಳು.

“ಹುಟ್ಟಿದಾಗ ಇದ್ದಷ್ಟೂ ಇಲ್ರಿ. ಹತ್ತು ದಿನ ಬಿಟ್ಟು ಮತ್ತ ಬರ್ತೀನಿ. ನಡುವೆ ಕೂಸು ಸಪ್ಪಗಾದ್ರ ಫೋನ್ ಹಚ್ರಿ. ಏರಲಿಲ್ಲಂದ್ರ ಕಲಬುರಗಿಗಿ ಕರ್ಕೊಂಡು ಹೋಗೂಣು. ಮ್ಯಾಲಿಂದ ಮ್ಯಾಲ ಎದಿಗಿ ಹಚ್ರಿ. ಇಕಿನೂ ಹೊಟ್ಟಿ ತುಂಬ ಉಣ್ಣಲಿ.”

ಅತ್ತೆಗೆ ಹೊಟ್ಟೆ ತುಂಬ ಎಂದರೆ ಮೀನು, ಬಾಣಂತಿಗೆ ಮೀನು ಎಂದರೆ ಮರಲ್. ಅದನ್ನು ತಿಂದರೆ ಹಾಲು ಇಳಿಯುತ್ತದೆ ಎಂದು ಅವರಲ್ಲಿ ನಂಬಿಕೆ. ಹೇಗೂ ನನಗೆ ಸೇರುವುದು ಅದೊಂದೇ ಎಂದು ಮನೆಯವರಿಗೆಲ್ಲ ಗೊತ್ತಲ್ಲ.

ಮಾವ ಒಬ್ಬರೇ ಖಣಿಗೆ ಹೋದರು. ಒಬ್ಬರೇ ಹುಟ್ಟು ಹಾಕಿ ಒಬ್ಬರೇ ಬಲೆ ಎತ್ತುವುದು ಪುಟ್ಟಿಯಲ್ಲಿ ಆಗದ ಕೆಲಸ. ಬಲೆಗೆ ಕೈ ಹಾಕಿದೊಡನೆ ದೋಣಿ ಸುತ್ತಿ ಬಲೆಯನ್ನೇ ಮೈಗೆ ಸುತ್ತಿಕೊಳ್ಳುತ್ತದೆ. ಮೊದಲ ದಿನ ಬರಿಗೈಯಲ್ಲಿ ಬಂದರು. ಎರಡನೆಯ ದಿನ ಒಂದು ಕಾಟ್ಲಾ ತಂದರು. ಅದು ಬಾಣಂತಿಗೆ ವಾಯು ಎಂದು ಅತ್ತೆ ಮುಟ್ಟಗೊಡಲಿಲ್ಲ. ಮೂರನೆಯ ದಿನ ಶನಿವಾರ, ಬಿಸಿಲು ಏರಿದ ಮೇಲೆ ಬಂದು ಅಂಗಳದ ಕಲ್ಲಿನ ಮೇಲೆ ಕೂತರು. ನಾನು ಒಳಗೆ ಪರದೆಯ ಹಿಂದೆ ಅಳುವ ಮಗುವನ್ನು ತಟ್ಟುತ್ತಿದ್ದೆ. ಅತ್ತೆ ಮಾವನ ಮಾತು ಎಲ್ಲ ಕೇಳಿಸುತ್ತಿತ್ತು.

“ಏನ್ರಿ, ಇವತ್ತೂ ಸಿಗಲಿಲ್ಲೇನು?”

“ಸಿಕ್ಕಿತ್ತು.”

“ಸಿಕ್ಕಿದ್ದು ಎಲ್ಲದ?”

“ಜೋಡಿ ಇತ್ತು, ಜೊಂಡಿನ ಬಾಜೂಕ. ಮರಿ ಮ್ಯಾಲ ಬಂದಿದ್ದು, ಕುಂಕುಮ ಚೆಲ್ಲಿದಂಗ. ಬಿಟ್ಟು ಬಂದೆ.”

ಮರಲ್ ಮೀನಿನ ಮರಿಗಳು ಕೆಂಪಗಿರುತ್ತವೆ. ನೂರಾರು ಒಟ್ಟಿಗೆ ಗುಂಪಾಗಿ ಉಸಿರಿಗೆ ಮೇಲೆ ಬರುತ್ತವೆ, ದೊಡ್ಡವು ಅವುಗಳ ಕೆಳಗೆ ಕಾವಲು ತಿರುಗುತ್ತವೆ. ಮರಿ ಬಿಟ್ಟು ಕದಲದ ಕಾರಣ ಹಿಡಿಯಲು ಅದಕ್ಕಿಂತ ಸುಲಭದ ಹೊತ್ತಿಲ್ಲ. ಆದರೆ ದೊಡ್ಡ ಮೀನು ಹೋದರೆ ಸಂಜೆಯೊಳಗೆ ಬೇರೆ ಮೀನುಗಳು ಮರಿಗಳನ್ನು ಮುಗಿಸುತ್ತವೆ. ಹಾಗಾಗಿ ಮಾವನ ಮನೆತನದಲ್ಲಿ ಮರಿ ಕಾಯುವ ಮರಲ್ ಹಿಡಿಯುವ ರೂಢಿ ಇಲ್ಲ.

“ಮೀನಿನ ಮರಿ ಕಂಡು ಕರಳು ಚುರ್ ಅಂತು,” ಎಂದರು ಅತ್ತೆ. “ಮನ್ಯಾಗ ಮೊಮ್ಮಗಳು ಅಳಾಕತ್ಯಾಳ, ಅದು ಕೇಳಸಲಿಲ್ಲ.”

“ಕೇಳಸ್ತಿತ್ತು. ಅಲ್ಲೀತನಕ ಕೇಳಸ್ತಿತ್ತು.”

“ಮತ್ತ?”

“ಮತ್ತೇನು. ನಮ್ಮಪ್ಪ ಹಿಡೀಲಿಲ್ಲ, ನಾ ಹಿಡಿಯಂಗಿಲ್ಲ.”

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೂ ಸಿಟ್ಟು ಬಂತು. ಹಿಡಿದು ತಂದಿದ್ದರೆ ಏನಾಗುತ್ತಿತ್ತು ಎನಿಸಿತು. ಪರದೆಯ ಸಂದಿನಿಂದ ನೋಡಿದೆ. ಮಾವ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಬಲೆಯ ದಾರ ಕೊಯ್ದು ಎರಡು ಬೆರಳು ಸೀಳಿದ್ದವು, ಅದಕ್ಕೆ ಅರಿಸಿನ ಮೆತ್ತಿಕೊಂಡಿದ್ದರು. ಎರಡು ವರ್ಷದಿಂದ ಈ ಮನುಷ್ಯ ಅಲೆಯುತ್ತಿರುವುದು ನಾನು ಮರ್ಯಾದೆಗೆಂದು ಆಡಿದ ಒಂದು ಮಾತಿನ ಹಿಂದೆ. ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದೆ.

“ಮಾವಾ, ನನಗ ಮರಲೇ ಆಗಬೇಕಂತ ಇಲ್ರಿ. ಮುಳ್ಳಿಗಿ ಅಂಜಿ ಹಂಗಂದಿದ್ದೆ. ಬಾಯಾಗಿನ ಮುಳ್ಳು ಹೆಂಗ ತೆಗೀಬೇಕಂತ ನನಗ ಗೊತ್ತಿಲ್ರಿ. ಯಾವ ಮೀನ ತಂದ್ರೂ ಉಣ್ತೀನಿ.”

ಇಬ್ಬರೂ ನನ್ನ ಮುಖ ನೋಡಿದರು. ಮೊದಲು ನಕ್ಕವರು ಅತ್ತೆ. “ಕೇಳಿದ್ರೇನು? ಎರಡು ವರ್ಷ ಖಣಿ ಖಣಿ ತಿರಗೀರಿ, ಇಕಿ ಮುಳ್ಳಿಗಿ ಅಂಜಿ ಕುಂತಾಳ.”

“ಹಂಗಾರ ನಾಲಿಗಿ ತುಟ್ಟಿ ಇಲ್ಲ,” ಎಂದರು ಮಾವ ಸಾವಕಾಶ. “ಸಸ್ತಾ ಅದ. ಛಲೋ ಆತು ಬಿಡು.”

ಮರುದಿನ ಆದಿತ್ಯವಾರ. ನನ್ನವರು ಮನೆಯಲ್ಲಿದ್ದರು. ಅತ್ತೆ ಮಗುವನ್ನು ಅವರ ಕೈಗೆ ಕೊಟ್ಟು, ಅಟ್ಟದ ಮೇಲಿನ ಹುಟ್ಟು ಇಳಿಸಿಕೊಂಡು ಮಾವನ ಜೊತೆ ಹೊಳೆಗೆ ನಡೆದರು. ಪ್ರವಾಹ ಇನ್ನೂ ಬಂದಿರಲಿಲ್ಲ. ಹೊಳೆಯ ಪಕ್ಕದ ಮಡುವಿನಲ್ಲಿ ನೀರು ನಿಂತಿತ್ತು. ಒಂಬತ್ತು ಗಂಟೆಗೆ ಬಂದರು, ಬುಟ್ಟಿಯ ತುಂಬ ಬೆರಳುದ್ದದ ಬೆಳ್ಳನೆಯ ಮೀನು. ಸಂತೆಯಲ್ಲಿ ಅದನ್ನು ಯಾರೂ ಹೆಸರು ಹಿಡಿದು ಕೇಳುವುದಿಲ್ಲ, ಸಣ್ಣ ಮೀನು ಎನ್ನುತ್ತಾರೆ ಅಷ್ಟೇ. ಅತ್ತೆ ಅಂಗಳದ ಫರ್ಸಿಯ ಒರಟು ಮಗ್ಗುಲಿಗೆ ಬೂದಿ ಚೆಲ್ಲಿ, ಮೀನು ಹರಡಿ, ಅಂಗೈಯಿಂದ ಗುಂಡಗೆ ತಿಕ್ಕಿದರು. ಪೊರೆ ಎಲ್ಲ ಕಲ್ಲಿಗೆ ಹತ್ತಿ ಮಿನುಗುತ್ತಿತ್ತು. ಬಾಣಂತಿಗೆ ಹುಳಿ ಬೇಡವೆಂದು ಹುಣಸೆಹಣ್ಣು ಹಾಕಲಿಲ್ಲ. ಬೆಳ್ಳುಳ್ಳಿ, ಮೆಣಸು, ಜೀರಿಗೆ, ಅರಿಸಿನ, ಇಷ್ಟೇ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಕುದಿಸಿದರು.

ಬಿಸಿರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ನನ್ನ ಮುಂದಿಟ್ಟು, ಎದುರಿಗೆ ಕೂತರು. ನಾನು ಒಂದು ಮೀನು ಬಾಯಿಗಿಟ್ಟು ಹಾಗೇ ತಡೆದೆ.

“ಅವಸರ ಮಾಡಬ್ಯಾಡ. ನಾಲಿಗಿಲೆ ಒತ್ತು, ಮುಳ್ಳು ತಾನೇ ಬಾಜೂಕ ಬರ್ತದ. ಮೆತ್ತಗ ಇದ್ರ ಅಗಿ, ಚುಚ್ಚಿದ್ರ ಉಗುಳು. ಇಲ್ಲಿ ನಿಮ್ಮ ಟೀಚರ್ ಯಾರೂ ಇಲ್ಲ.”

ಉಗುಳಿದೆ, ಕೈಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟೆ. ಇನ್ನೊಂದು ತಿಂದೆ. ಹೊಟ್ಟೆಯ ಹತ್ತಿರ ಕಂಡೂ ಕಾಣದಷ್ಟು ಕಹಿ, ಅದರ ಹಿಂದೆಯೇ ಬೆನ್ನಿನ ಸಿಹಿ. ಬಾಲದ ಮುಳ್ಳು ಬೆಂದು ಪುಡಿಯಾಗಿ ಬೆಳ್ಳುಳ್ಳಿಯ ಜೊತೆ ಬೆರೆತಿತ್ತು. ಮರಲಿನ ಮೆತ್ತನೆಯ ಬಿಳಿ ಮಾಂಸ ಖಾರ ಹಾಕಿದರೆ ಖಾರದ್ದೇ ರುಚಿ ಕೊಡುತ್ತದೆ. ಈ ಬೆರಳುದ್ದದ ಮೀನಿಗೆ ತನ್ನದೇ ರುಚಿ ಇತ್ತು. ಎರಡು ತಟ್ಟೆ ಉಂಡೆ. ಸಪ್ಪಳ ಆಗಿರಲಿಕ್ಕೂ ಸಾಕು.

ಊಟವಾದ ಮೇಲೆ ಮಗು ಅತ್ತಿತು. ಗೋಡೆಗೆ ಒರಗದೆ, ಸೆರಗು ಬಿಗಿಯಾಗಿ ಹೊದ್ದು ಮಗುವನ್ನು ಎತ್ತಿಕೊಂಡೆ. ಅತ್ತೆ ಅಲ್ಲೇ ಇದ್ದರು. ಅದುವರೆಗೆ ನಾನು ಪರದೆಯ ಹಿಂದೆ ಕೂತೇ ಹಾಲು ಕುಡಿಸುತ್ತಿದ್ದೆ, ನಾನು ಕೂತ ರೀತಿಯನ್ನು ಅವರು ಸರಿಯಾಗಿ ನೋಡಿದ್ದು ಅವತ್ತೇ ಮೊದಲು.

“ಪರೀಕ್ಷಾಕ ಕುಂತಂಗ ಕುಂತೀಯಲ್ಲವ್ವ. ಹಿಂಗಾದ್ರ ಅದಕ್ಕ ಬಾಯಿ ಹೆಂಗ ಹತ್ತಬೇಕು?” ಎಂದು ಬೆನ್ನ ಹಿಂದೆ ಹಳೆಯ ಸೀರೆಗಳ ಕೌದಿ ಮಡಚಿ ಇಟ್ಟರು, ನನ್ನ ಭುಜ ಹಿಡಿದು ಹಿಂದಕ್ಕೆ ಒತ್ತಿದರು, ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿದರು. ಮಗು ಬಾಯಿ ಅಗಲಿಸಿ ಹಿಡಿಯಿತು. ಗುಟುಕಿನ ಸಪ್ಪಳ ನನಗೆ ಕೇಳಿಸಿತು.

ಮುಂದಿನ ವಾರ ಪೂರ್ತಿ ನನ್ನವರು ಅಂಗಡಿಯನ್ನು ತಡವಾಗಿ ತೆರೆದರು. ಬೆಳಿಗ್ಗೆ ಅತ್ತೆ ಮಾವ ಪುಟ್ಟಿಗೆ ಹೋಗುತ್ತಿದ್ದರು. ಸಣ್ಣ ಮೀನು ಒಮ್ಮೊಮ್ಮೆ ಬುಟ್ಟಿ ತುಂಬ, ಒಮ್ಮೊಮ್ಮೆ ಒಂದು ಹಿಡಿ. ಏನು ಬಂದರೂ ಅದೇ ಸಾರು, ಬೆನ್ನಿಗೆ ಅದೇ ಕೌದಿ. ಖಣಿಯ ಕಡೆ ಮಾತ್ರ ಮಾವ ಹೋಗಲಿಲ್ಲ. “ಮರಿ ದೊಡ್ಡವಾಗ್ಲಿ,” ಎಂದರು. ಅತ್ತೆ ಅದಕ್ಕೆ ಎದುರಾಡಲಿಲ್ಲ.

ಹತ್ತನೆಯ ದಿನ ಆಶಾ ಕಾರ್ಯಕರ್ತೆ ಬಂದು ಜೋಳಿಗೆ ಬಿಚ್ಚಿದಳು. ಮಾವ ಹೊರಗೆ ಹೋಗುವವರಂತೆ ಚಪ್ಪಲಿ ಮೆಟ್ಟಿ, ಹೋಗದೆ ಬಾಗಿಲಲ್ಲಿ ನಿಂತರು. ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಕೈಯಲ್ಲಿ ಎಷ್ಟು ತೊಳೆದರೂ ಹೋಗದ ಹೊಳೆಯ ವಾಸನೆ ಇತ್ತು. ಕಾರ್ಯಕರ್ತೆ ಅಂಕಿ ನೋಡಿದಳು, ಪುಸ್ತಕದಲ್ಲಿ ಹಿಂದಿನ ಸಾಲು ನೋಡಿದಳು.

“ಏರ್ಯಾಳ್ರಿ. ಹುಟ್ಟಿದ ತೂಕ ದಾಟ್ಯಾಳ. ಕಲಬುರಗಿ ಬ್ಯಾಡ. ಏನ್ ಮಾಡಿದ್ರಿ?”

“ಮೀನ,” ಎಂದರು ಮಾವ ಬಾಗಿಲಿನಿಂದ.

“ಮೀನಲ್ಲ, ಕುಂದ್ರಲಿಕ್ಕ ಕಲಿಸಿದೆ,” ಎಂದರು ಅತ್ತೆ.

“ಮೀನ ಉಂಡಮ್ಯಾಲೇ ಕುಂತಾಳಲ್ಲ.”

“ನೀವು ಒಬ್ಬರೇ ಮೂರು ದಿನ ತಂದ ಮೀನ ನೋಡೀನಿ, ಸುಮ್ಮ ಇರ್ರಿ.”

ಯಾವುದರಿಂದ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಸಾರಿನಿಂದಲೋ, ಕೌದಿಯಿಂದಲೋ, ಇಬ್ಬರೂ ಒಂದೇ ಪುಟ್ಟಿಯಲ್ಲಿ ಹೋಗಿ ಬರುತ್ತಾರೆ ಎಂಬ ನೆಮ್ಮದಿಯಿಂದಲೋ. ಬಿಡಿಸಿ ನೋಡಬೇಕೆಂದೂ ಅನಿಸಿಲ್ಲ. ಮೂರಕ್ಕೂ ನಾನು ಋಣಿ.

ಆಮೇಲಿನ ಸೋಮವಾರ ನನ್ನವರು ಹೊತ್ತಿಗೆ ಸರಿಯಾಗಿ ಅಂಗಡಿಗೆ ಹೋದರು. ಮಾವ ಬಲೆ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತರು. ಅತ್ತೆ ಹುಟ್ಟು ಹಿಡಿದು ನನ್ನನ್ನು ನೋಡಿದರು. “ಒಬ್ಬಾಕಿನೇ ಇರ್ತೀಯೇನವ್ವ?”

“ಇರ್ತೀನಿ, ಹೋಗಿ ಬರ್ರಿ,” ಎಂದೆ.

ಅವರು ಬೇವಿನ ಗಿಡದ ತಿರುವು ದಾಟುವವರೆಗೆ ನೋಡಿದೆ. ಆಮೇಲೆ ಕೌದಿ ಮಡಚಿ ಬೆನ್ನಿಗಿಟ್ಟುಕೊಂಡು, ಮಗುವನ್ನು ನಾನೇ ತಿರುಗಿಸಿ ಎದೆಗೆ ಹಚ್ಚಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಹೊಟ್ಟೆ ತುಂಬ ಕುಡಿದು, ಕುಡಿಯುತ್ತಲೇ ನಿದ್ದೆ ಹೋದಳು.