ಹುಣ್ಣಿಮೆಯ ದಿನ ತೈವಾನ್ ಊಟ

ಸ್ನೇಹಿತರೇ, ಇವತ್ತು ಮಧ್ಯಾಹ್ನ ಮಸ್ಕತ್ ಹತ್ತಿರದ ಸೀಬ್‌ನ ಒಂದು ಸಣ್ಣ ತೈವಾನ್ ಹೋಟೆಲಿನಲ್ಲಿ ಜಗಳಕ್ಕೇ ನಿಂತಿದ್ದೆ. ಹುಣ್ಣಿಮೆಗೆ ನಾನು ಮೀನು, ಮಾಂಸ, ಬೆಳ್ಳುಳ್ಳಿ ಮುಟ್ಟುವವನಲ್ಲ. ಇಲ್ಲೇ ಮಸ್ಕತ್‌ನ ವಾದಿ ಅದಾಯ್ ಎಂಬಲ್ಲಿ ಗ್ಯಾರೇಜಿನಲ್ಲಿ ದುಡಿದಷ್ಟು ವರ್ಷವೂ ತಪ್ಪಿಸಿಲ್ಲ. ಮಗ ಮಾತ್ರ, "ಬನ್ನಿ ಅಪ್ಪ, ಇಲ್ಲಿ ರೇಟು ಕಮ್ಮಿ, ವೆಜ್ಜೂ ಉಂಟು" ಎಂದು ಎಳೆದು ತಂದಿದ್ದ.

ಒಳಗೆಲ್ಲ ಕೋಳಿ ಕರಿಯುವ ವಾಸನೆ. ಅಡುಗೆ ಮಾಡುತ್ತಿದ್ದ ತೈವಾನಿನ ಹೆಂಗಸಿಗೆ ಹಿಂದಿಯಲ್ಲೇ ಜೋರು ಮಾಡಿದೆ: "ಕೋಳಿ ಬಾಣಲೆಯಲ್ಲಿ ನನ್ನದೂ ಮಾಡಿದ್ರೆ ಮುಟ್ಟುವುದಿಲ್ಲ, ನೋಡು!"

"ಅಪ್ಪ, ಮೆಲ್ಲ ಮಾತಾಡಿ ಮಾರಾಯ್ರೆ" ಎಂದ ಮಗ.

ಆಕೆ ನಕ್ಕಳು. "ಬಾಬಾ, ಗುಸ್ಸಾ ನಹೀ" ಎಂದು ಬೇರೆ ಬಾಣಲೆ ಎತ್ತಿ ತೋರಿಸಿದಳು. ಹುಣ್ಣಿಮೆ, ಅಮಾವಾಸ್ಯೆಗೆ ಆಕೆಯೂ ಮಾಂಸ, ಬೆಳ್ಳುಳ್ಳಿ ತಿನ್ನುವುದಿಲ್ಲವಂತೆ. ಅದು ತನಗೆಂದೇ ಇಟ್ಟುಕೊಂಡ ಬಾಣಲೆಯಂತೆ. ಅದರಲ್ಲೇ ಅಣಬೆ, ತೋಫು ಬಾಡಿಸಿ ಐದೇ ನಿಮಿಷದಲ್ಲಿ ನೂಡಲ್ಸ್ ಕೊಟ್ಟಳು. ಶುಂಠಿಯ ಘಮ, ಹದವಾದ ಖಾರ. ಕೊನೆಗೆ ಬಟ್ಟಲನ್ನೇ ಎತ್ತಿ ಸಾರು ಕುಡಿದೆ. ಕೈಗುಣ ಎಂದರೆ ಅದು!

ಬಟ್ಟಲು ಒಯ್ಯಲು ಬಂದವಳು ಎದುರಿಗೆ ಕೋಳಿ ಕಾಲು ಚೀಪುತ್ತಿದ್ದ ಮಗನನ್ನು ನೋಡಿ, "ಬಾಬಾ, ಇವನು ನಿಮ್ಮ ಮಗನಾ?" ಎಂದು ಕೇಳಿದಳು.

ಜಾಗ ಇಲ್ಲದ್ದಕ್ಕೆ ಒಂದೇ ಟೇಬಲಿನಲ್ಲಿ ಕೂತಿದ್ದೇವೆ ಎಂದೆ.