ನೂರಾ ಹನ್ನೆರಡು ಮುಂಜಾವು

ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ, ಶಹಾಪುರದ ನಮ್ಮ ಮನೆಯ ಮಾಳಿಗೆ. ಹಾಜರಿದ್ದವರು ಮೂವರು: ನಾನು, ಪಕ್ಕದ ಮನೆಯ ಕೌದಿ ಅಕ್ಕನ ಮಗಳು, ಆ ಮಗಳ ಐದು ತಿಂಗಳ ಹೆಣ್ಣುಮಗು. ಕೌದಿ ಅಕ್ಕ ಇಲ್ಲ. ಅವರು ತೀರಿಕೊಂಡು ಆರು ತಿಂಗಳು ದಾಟಿತು.

ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಮುಖವಲ್ಲ, ಬಲಗೈಯ ತೋರುಬೆರಳು. ನಲವತ್ತು ವರ್ಷ ಸೂಜಿಯ ಹಿಂಬದಿಯನ್ನು ಒತ್ತಿ ಒತ್ತಿ ಅದರ ತುದಿ ಹುಣಸೆ ಬೀಜದಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಮೊಬೈಲಿನ ಗಾಜು ಆ ಬೆರಳನ್ನು ಬೆರಳೆಂದು ಒಪ್ಪುತ್ತಿರಲಿಲ್ಲ. ಎಷ್ಟು ಒತ್ತಿದರೂ ಅಲುಗಾಡುತ್ತಿರಲಿಲ್ಲ. ಕೊನೆಗೆ ಕಿರುಬೆರಳಿನಿಂದ ಮುಟ್ಟುವುದನ್ನು ರೂಢಿ ಮಾಡಿಕೊಂಡರು.

"ನೋಡ್ರಿ ಸಾಹೇಬ್ರ, ನಲವತ್ತು ವರ್ಷ ದುಡದ ಬೆರಳಿಗಿ ಇದು ಕಿಮ್ಮತ್ತೇ ಕೊಡವಲ್ದು. ಏನೂ ಕೆಲಸ ಮಾಡದ ಕಿರಿಬೆರಳು ಮುಟ್ಟಿದ್ರ ಹೂಂ ಅಂತದ. ಥೇಟ್ ನಿಮ್ಮ ಕಚೇರಿ!"

ನಾನು ಸರ್ಕಾರಿ ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಅವರು ನನಗಿಂತ ಎರಡು ವರ್ಷ ದೊಡ್ಡವರು. ಆದರೂ ನನ್ನನ್ನು ಸಾಹೇಬ್ರ ಎಂದೇ ಕರೆಯುತ್ತಿದ್ದರು. ಅದರಲ್ಲಿ ಗೌರವ ನಾಲ್ಕಾಣೆ, ಚೇಷ್ಟೆ ಹನ್ನೆರಡಾಣೆ. ಓಣಿಯವರಿಗೆಲ್ಲ ಅವರು ಕೌದಿ ಅಕ್ಕ. ಸಗರದಿಂದ, ಸುತ್ತಲಿನ ಹಳ್ಳಿಗಳಿಂದ ಜನ ಹಳೆಯ ಸೀರೆ, ಧೋತರಗಳ ಗಂಟು ತಂದು ಅವರ ಕಟ್ಟೆಯ ಮೇಲೆ ಇಳಿಸುತ್ತಿದ್ದರು. ಒಂದು ತಿಂಗಳ ಮೇಲೆ ಅದೇ ಗಂಟು ಬಣ್ಣದ ತುಂಡುಗಳ ಹೊದಿಕೆಯಾಗಿ, ಕೌದಿಯಾಗಿ ತಿರುಗಿ ಹೋಗುತ್ತಿತ್ತು. ಯಾರಾದರೂ ಅಂಗಡಿಯ ಹೊಸ ಬಟ್ಟೆ ತಂದರೆ ಮುಟ್ಟುತ್ತಿರಲಿಲ್ಲ. "ಹೊಸ ಅರಿವಿಗಿ ಯಾರ ಮೈಯೂ ಗೊತ್ತಿರಂಗಿಲ್ಲವ್ವ. ಉಟ್ಟು ಹರದದ್ದು ತಾ" ಎಂದು ಕಳಿಸಿಬಿಡುತ್ತಿದ್ದರು.

ಮೊಬೈಲ್ ಅವರ ಮಗಳದು. ಮಗಳು ಸುರಪುರದಲ್ಲಿ ಶಿಕ್ಷಕಿ. ತಾನು ಹೊಸದು ಕೊಂಡಾಗ ಮೂಲೆ ಒಡೆದ ಹಳೆಯದನ್ನು ತಾಯಿಗೆ ಕೊಟ್ಟಳು, ಮಾತಾಡಲಿಕ್ಕೆಂದು. ಅಕ್ಕ ಅದರಲ್ಲಿ ಮಾತಾಡಿದ್ದು ಕಡಿಮೆ. ಮೊದಲ ವಾರ ತೆಗೆದದ್ದೆಲ್ಲ ಅವರದೇ ಹೆಬ್ಬೆರಳಿನ ಚಿತ್ರ. ಎರಡನೆಯ ವಾರ ಒಣಹಾಕಿದ ಮೆಣಸಿನಕಾಯಿ. ಆಮೇಲೆ ಕೈ ನಿಲ್ಲಲಿಲ್ಲ. ಬಿಸಿಲು ಹಾಯ್ದ ಆಡಿನ ಕಿವಿ, ರೊಟ್ಟಿಯ ಮೇಲೆ ಮೂಡಿದ ಕಪ್ಪು ಚುಕ್ಕೆ, ನೀರು ತುಂಬಿದ ಕೊಡದಲ್ಲಿ ಬಾಗಿಲಿನ ನೆರಳು. ಸಿಕ್ಕವರಿಗೆಲ್ಲ ತೋರಿಸುತ್ತಿದ್ದರು. ಹಾಲಿನವನಿಗೆ ತೋರಿಸುತ್ತ ನಿಂತು ಒಲೆಯ ಮೇಲಿನ ಹಾಲು ಉಕ್ಕಿಸಿದ್ದೂ ಉಂಟು. ಅರವತ್ತೆಂಟು ವರ್ಷದ ಹೆಂಗಸು ಅಷ್ಟು ಖುಷಿಯಾಗಿ ಇರುವುದನ್ನು ನಾನು ಹಿಂದೆ ಕಂಡಿರಲಿಲ್ಲ. ನನಗೆ ಅದು ಸ್ವಲ್ಪ ಅತಿ ಎನಿಸುತ್ತಿತ್ತು.

ನನ್ನ ದಿನಚರಿ ಬೇರೆ. ನಾಲ್ಕೂವರೆಗೆ ಏಳುವುದು. ಆರರಿಂದ ಆರೂ ಮುಕ್ಕಾಲರವರೆಗೆ ಮಾಳಿಗೆಯ ಮೇಲೆ ನಲವತ್ತು ಸುತ್ತು. ಹೆಂಡತಿ ಹೋದ ಮೇಲೆ ನನ್ನ ಬಳಿ ಉಳಿದದ್ದು ಈ ಕ್ರಮವೊಂದೇ. ಅವರ ಮಾಳಿಗೆಗೂ ನಮ್ಮದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ. ನಾನು ಸುತ್ತು ಎಣಿಸುತ್ತಿರುವಾಗಲೇ ಅವರು ಏರಿಬಂದು ಮಾತಾಡಿಸಿ ಲೆಕ್ಕ ತಪ್ಪಿಸುತ್ತಿದ್ದರು.

ಒಮ್ಮೆ ಇಬ್ಬರೂ ಒಂದೇ ಬಸ್ಸಿನಲ್ಲಿ ಸುರಪುರಕ್ಕೆ ಹೊರಟಿದ್ದೆವು. ನನಗೆ ಅಲ್ಲಿ ಪಿಂಚಣಿಯ ಕಾಗದದ ಕೆಲಸ, ಅವರು ಮಗಳ ಮನೆಗೆ. ದೇವಾಪುರದ ಹತ್ತಿರ ಬಸ್ಸು ಪಂಕ್ಚರ್ ಆಯಿತು. ಸುಡು ಮಧ್ಯಾಹ್ನ. ಜನ ಚಾಲಕನನ್ನು ಬೈಯುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಅಕ್ಕ ರಸ್ತೆಯ ಬದಿ ಕುಕ್ಕುರುಗಾಲಲ್ಲಿ ಕೂತು ಮೊಬೈಲ್ ಹಿಡಿದಿದ್ದರು.

ಕಂಡಕ್ಟರ್ ಕೇಳಿದ, "ಏ ಆಯಿ, ಬಿಸಲಾಗ ಕುಂತು ಏನ್ ಹುಡುಕಾಕತ್ತಿ?"

"ನಿನ್ನ ಬಸ್ಸಿನ ನೆಳ್ಳು ತಗೀಲಕತ್ತೀನಪ್ಪ. ಬಸ್ಸಿಗಿಂತ ನೆಳ್ಳೇ ಛಂದ ಅದ."

"ನೆಳ್ಳಿಗಿ ಬ್ಯಾರೆ ಟಿಕೀಟ್ ಆಗ್ತದ ನೋಡು."

"ಅರ್ಧಾ ಟಿಕೀಟ್ ಹರಿ. ಮಧ್ಯಾಹ್ನದ ನೆಳ್ಳು, ಸಣ್ಣದದ."

ಬೈಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೆಂಡತಿ ಹೋದ ಮೇಲೆ ನಾನು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಅಕ್ಕ ಅದನ್ನು ಗಮನಿಸಿದರು. ಮರುದಿನ ಮಾಳಿಗೆಯ ಮೇಲೆ ನನ್ನ ಮೊಬೈಲ್ ತರಿಸಿ, "ಇದು ಬರೇ ಹಲೋ ಅನ್ನಾಕಲ್ರಿ. ಏನರ ಒಂದು ತಗೀರಿ" ಎಂದು ಹಟ ಹಿಡಿದರು. ನಾನು ಗಡಿಬಿಡಿಯಿಂದ ಎತ್ತಿದೆ. ಅವರು ತಡೆದರು.

"ನೋಡಿ ಒತ್ರಿ ಸಾಹೇಬ್ರ. ಒತ್ತಿ ನೋಡಬ್ಯಾಡ್ರಿ."

ಹಗ್ಗದ ಮೇಲೆ ನನ್ನ ಬಿಳಿ ಅಂಗಿ ಒಣಗುತ್ತಿತ್ತು. ಅದನ್ನೇ ತೆಗೆದೆ. ಅಕ್ಕ ಬಹಳ ಹೊತ್ತು ನೋಡಿದರು. "ಒಳಗ ಯಾರೂ ಇಲ್ಲಂದ್ರೂ ಹೆಗಲು ಹ್ಯಾಂಗ ಬಿಗಿ ಹಿಡದದ ನೋಡ್ರಿ. ನಿಮ್ದೇ ಅಂಗಿ, ಖರೇ." ಅವತ್ತಿನಿಂದ ದಿನಕ್ಕೊಂದು ಚಿತ್ರ ತೆಗೆಯುವುದು ನನ್ನ ದಿನಚರಿಗೆ ಸೇರಿತು. ಬೆಳಗಾಗುವುದನ್ನು ಕಾಯುವ ಒಂದು ಕಾರಣ ಸಿಕ್ಕಿತು. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಲಿಲ್ಲ.

ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಮಗಳು ಬಸುರಾದಳು. ಹುಟ್ಟುವ ಮುಂಚೆ ಮಗುವಿಗೆ ಹೊಸ ಬಟ್ಟೆ ತರಬಾರದೆಂಬುದು ನಮ್ಮ ಕಡೆಯ ರೂಢಿ. ಹಳೆಯ ಬಟ್ಟೆಗೆ ಆ ನಿಷೇಧವಿಲ್ಲ. ಅಕ್ಕ ಒಂದು ಕೌದಿ ಶುರು ಮಾಡಿದರು. ಅದರ ಕ್ರಮ ಅವರದೇ. ಸುದ್ದಿ ತಿಳಿದ ಮರುದಿನದಿಂದ ಮಗು ಹುಟ್ಟುವ ದಿನದವರೆಗೆ ದಿನಕ್ಕೊಂದು ತುಂಡು. ನಮ್ಮ ಮಾಳಿಗೆಯಿಂದ ಊರಿನ ಗುಡ್ಡ ಕಾಣುತ್ತದೆ, ಮಲಗಿದ ಬುದ್ಧ ಎಂದು ಜನ ಕರೆಯುವ ಗುಡ್ಡ. ದಿನಾ ಆರೂವರೆಗೆ ಅಕ್ಕ ಒಂದೇ ಜಾಗದಲ್ಲಿ ನಿಂತು ಅದರ ಚಿತ್ರ ತೆಗೆಯುತ್ತಿದ್ದರು. ಮಧ್ಯಾಹ್ನ ಆ ಚಿತ್ರ ಮುಂದಿಟ್ಟುಕೊಂಡು, ಅವತ್ತು ಬುದ್ಧನ ಹಣೆಯ ಮೇಲೆ ಬಿದ್ದ ಬಣ್ಣ ಯಾವ ಸೀರೆಯಲ್ಲಿದೆ ಎಂದು ಗಂಟು ಬಿಚ್ಚಿ ಹುಡುಕುತ್ತಿದ್ದರು. ಸಿಕ್ಕ ತುಂಡನ್ನು ಹೊಲಿದಾದ ಮೇಲೆ ಆ ದಿನದ ಚಿತ್ರವನ್ನು ಅಳಿಸಿಬಿಡುತ್ತಿದ್ದರು. ತಾಯ ಹೊಟ್ಟೆಯಲ್ಲಿದ್ದ ಒಂದೊಂದು ದಿನವೂ ಹೊರಗೆ ಹೇಗೆ ಬೆಳಗಾಗಿತ್ತು ಎಂಬುದನ್ನು ಮಗುವಿಗೆ ಹೊದಿಸಬೇಕು. ಅಷ್ಟೇ ಅವರ ಆಸೆ. ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ಕೌದಿ ಹೊಲಿಯುತ್ತಿದ್ದಾರೆ, ಗುಡ್ಡದ ಚಿತ್ರವನ್ನೂ ತೆಗೆಯುತ್ತಿದ್ದಾರೆ ಎಂದಷ್ಟೇ ತಿಳಿದಿದ್ದೆ. ಎರಡನ್ನೂ ಜೋಡಿಸಿ ನೋಡಲಿಲ್ಲ.

ಅರವತ್ತು ತುಂಡು ಆಗುವಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಲಿತು ಸೂಜಿಗೆ ದಾರ ಪೋಣಿಸಲಾಗದಂತಾಯಿತು. ಹೊಲಿಗೆ ನಿಂತಿತು. ಆದರೆ ಆರೂವರೆಗೆ ಮಾಳಿಗೆಗೆ ಬರುವುದು ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು ಬಂದು, ಅಂದಾಜಿನ ಮೇಲೆ ಗುಡ್ಡದ ಕಡೆ ಹಿಡಿದು ಕಿರುಬೆರಳಿನಿಂದ ಮುಟ್ಟುತ್ತಿದ್ದರು.

ಒಂದು ದಿನ ಹೇಳಿದರು, "ನನ್ನ ಕಣ್ಣಿಗಿ ಎಲ್ಲಾ ಹೊಗಿ ಹೊಗಿ ಕಾಣ್ತದ್ರಿ. ಈಗಿಂದು ಇದು ನೋಡಿಟ್ಟಿರ್ತದ. ಆಪರೇಷನ್ ಆಗಿ ಕಣ್ಣು ಬಂದ ಮ್ಯಾಲೆ ನಾ ನೋಡ್ತೀನಿ."

ನಾನು ಇಪ್ಪತ್ತಾರನೆಯ ಸುತ್ತಿನಲ್ಲಿದ್ದೆ. ಹೂಂ ಎಂದೆ. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಆಪರೇಷನ್ ಯಾದಗಿರಿಯಲ್ಲಿ ನಿಗದಿಯಾಯಿತು. ಹೊರಡುವ ದಿನ ಮೊಬೈಲನ್ನು ನನ್ನ ಕೈಗಿಟ್ಟರು. "ತುಂಬೇದಂತ ಹೇಳಲಕತ್ತದ್ರಿ ಇದು. ನೀವು ಕಾಗದಪತ್ರ ಹಸನು ಮಾಡಿದವ್ರು. ಬ್ಯಾಡಾದ್ದು ಇದ್ರ ತಗದು ಜಾಗಾ ಮಾಡಿಡ್ರಿ."

ನನ್ನ ಇಡೀ ನೌಕರಿ ಅದೇ ಆಗಿತ್ತು. ಯಾವ ಕಡತ ಉಳಿಯಬೇಕು, ಯಾವುದು ಹೋಗಬೇಕು ಎಂದು ನಿರ್ಧರಿಸುವುದು. ಒಂದೇ ಕಾಗದದ ಎರಡು ಪ್ರತಿ ಇದ್ದರೆ ಒಂದನ್ನು ತೆಗೆಯಬೇಕು. ಮಧ್ಯಾಹ್ನ ಮೂರಕ್ಕೆ ಕೂತೆ, ಐದಕ್ಕೆ ಮುಗಿಸಿದೆ. ಮಸುಕಾದವು ಹೋದವು. ಹೆಬ್ಬೆರಳಿನವು ಹೋದವು. ಗುಡ್ಡದ ಚಿತ್ರ ನೂರಾ ಹದಿಮೂರು ಇದ್ದವು. ಒಂದೇ ಗುಡ್ಡ, ಒಂದೇ ಜಾಗ, ಒಂದೇ ಹೊತ್ತು. ಎಲ್ಲಕ್ಕಿಂತ ಸ್ವಚ್ಛವಾದದ್ದೊಂದನ್ನು ಉಳಿಸಿ ನೂರಾ ಹನ್ನೆರಡನ್ನು ಅಳಿಸಿದೆ. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿದೆ. ಬುಟ್ಟಿ ಖಾಲಿ ಮಾಡದಿದ್ದರೆ ಕೆಲಸ ಅರ್ಧವೇ ಎಂಬುದು ನನ್ನ ನಿಯಮ. ಅವತ್ತು ಬಹಳ ತೃಪ್ತಿಯಿಂದ ಚಹಾ ಕುಡಿದೆ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಕಪ್ಪು ಕನ್ನಡಕ ಹಾಕಿಕೊಂಡು ಅವರು ಮಾಳಿಗೆಗೆ ಬಂದರು. ಮೊದಲು ಕೇಳಿದ್ದೇ ಮೊಬೈಲ್. ಕೊಟ್ಟೆ. ಕನ್ನಡಕ ಮೇಲೆತ್ತಿ, ಕಿರುಬೆರಳಿನಿಂದ ಸರಿಸುತ್ತ ಹೋದರು. ಹಿಂದಕ್ಕೆ ಸರಿಸಿದರು. ಮುಂದಕ್ಕೆ ಸರಿಸಿದರು.

"ಗುಡ್ಡದವು ಎಲ್ಲ್ಯಾವ್ರಿ?"

"ಎಲ್ಲಾ ಒಂದೇ ಥರ ಇದ್ವಕ್ಕ. ಛಲೋದು ಒಂದು ಇಟ್ಟೀನಿ."

"ಒಂದೇ ಇದ್ರ ನಾ ಯಾಕ ದಿನಾ ಏರಿ ಬರ್ತಿದ್ನಿ?"

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ಕೇಳುತ್ತಿದ್ದರು. ಕೆಳಗೆ ಹೋಗಿ ಅರ್ಧವಾದ ಕೌದಿ ತಂದು ಗೋಡೆಯ ಮೇಲೆ ಹರವಿದರು. ಅರವತ್ತು ತುಂಡು. ಬೂದಿ ಬಣ್ಣ, ಬೆಲ್ಲದ ಬಣ್ಣ, ಮಳೆಯ ಮರುದಿನದ ನೇರಳೆ, ಒಂದು ಕಡೆ ಈರುಳ್ಳಿ ಸಿಪ್ಪೆಯಂಥ ತಿಳಿಗೆಂಪು. ಅದರ ಕ್ರಮವನ್ನು ಆಗ ಬಿಡಿಸಿ ಹೇಳಿದರು. ನಾನು ಅಳಿಸಿದ್ದು ಅವರು ಇನ್ನೂ ಕಣ್ಣಾರೆ ನೋಡದಿದ್ದ ಮುಂಜಾವುಗಳನ್ನು. ಅವರಿಗಾಗಿ ಮೊಬೈಲ್ ನೋಡಿಟ್ಟಿದ್ದನ್ನು.

ಆಗಲೇ ಬಜಾರಿನ ಮೊಬೈಲ್ ಅಂಗಡಿಗೆ ಓಡಿದೆ. ಅಂಗಡಿಯವ ಎಲ್ಲ ಕಡೆ ಹುಡುಕಿ ನೋಡಿ, "ಬುಟ್ಟಿನೂ ಖಾಲಿ ಮಾಡೀರಲ್ರಿ ಸರ್. ಇನ್ನ ಬರಂಗಿಲ್ಲ" ಎಂದ. ತಿರುಗಿ ಬಂದಾಗ ಅಕ್ಕ ನನಗಾಗಿ ಚಹಾ ಸೋಸಿಟ್ಟಿದ್ದರು.

"ಹೋಗ್ಲಿ ಬಿಡ್ರಿ. ಗುಡ್ಡ ಎಲ್ಲಿ ಹೋಗ್ತದ? ನಾಳಿ ಮತ್ತ ತಗಿಯೂಣು."

ಹೊಲಿಗೆ ಒಂದು ತಿಂಗಳು ಬೇಡವೆಂದು ವೈದ್ಯರು ಹೇಳಿದ್ದರು. ಮುಂದೆ ಮೂವತ್ತೊಂದು ಮುಂಜಾನೆ ಇಬ್ಬರೂ ಒಟ್ಟಿಗೆ ನಿಂತು ತೆಗೆದೆವು, ಅವರದರಲ್ಲಿ ಒಂದು, ನನ್ನದರಲ್ಲಿ ಒಂದು. ಆ ದಿನಗಳಲ್ಲಿ ನಾನು ಸುತ್ತು ಎಣಿಸಲಿಲ್ಲ. ಅವರು ಹೊಸ ಕಣ್ಣಿನಿಂದ ನೋಡಿ, "ಇವತ್ತ ಮೂಗಿನ ತುದಿಗಿ ಕೆಂಪದ, ಕಂಡ್ತೇನ್ರಿ?" ಎಂದು ಕೇಳುತ್ತಿದ್ದರು. ನನಗೆ ಕಾಣುತ್ತಿರಲಿಲ್ಲ. ಕಂಡಿತು ಎನ್ನುತ್ತಿದ್ದೆ.

ಮೂವತ್ತೆರಡನೆಯ ದಿನ ಆರೂವರೆಗೆ ಅವರು ಬರಲಿಲ್ಲ. ನಾನು ಚಿತ್ರ ತೆಗೆದೆ. ಆಮೇಲೆ ಕೆಳಗಿಳಿದು ಅವರ ಬಾಗಿಲು ಬಡಿದೆ. ಮೊದಲು ಚಿತ್ರ ತೆಗೆದೆ, ಆಮೇಲೆ ಬಾಗಿಲು ಬಡಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ನಿದ್ದೆಯಲ್ಲೇ ಹೃದಯ ನಿಂತಿತ್ತು, ತಾಸುಗಳ ಹಿಂದೆಯೇ ಹೋಗಿದ್ದರು, ಬೇಗ ಬಡಿದಿದ್ದರೂ ಪ್ರಯೋಜನವಿರಲಿಲ್ಲ ಎಂದು ಬಂದ ವೈದ್ಯರು ಹೇಳಿದರು. ದಿಂಬಿನ ಪಕ್ಕ ಸೂಜಿ ಇತ್ತು. ದಾರ ಪೋಣಿಸಿತ್ತು. ವೈದ್ಯರು ಹೇಳಿದ ತಿಂಗಳು ಮುಗಿದಿತ್ತಲ್ಲ.

ಆ ದಿನದ್ದೂ ಸೇರಿ ಮಗು ಹುಟ್ಟುವವರೆಗಿನ ನಲವತ್ತೊಂದು ಮುಂಜಾವುಗಳನ್ನು ನಾನೊಬ್ಬನೇ ತೆಗೆದೆ.

ಹೋದ ತಿಂಗಳು ಮಗಳು ಕೂಸನ್ನು ಎತ್ತಿಕೊಂಡು ಬಂದಳು. ತಾಯಿಯ ಮನೆಯಲ್ಲೇ ಉಳಿದು ಕೌದಿ ಮುಗಿಸುತ್ತೇನೆಂದಳು. ಉಳಿದ ಬಣ್ಣಗಳನ್ನು ಕೇಳಿದಳು. ನಾನು ನಡೆದದ್ದನ್ನು ಇದ್ದಂತೆ ಹೇಳಿದೆ.

"ಅವ್ವ ನನಗ ಮೊಬೈಲ್ ಕೆಟ್ಟು ಚಿತ್ರ ಹೋದ್ವು ಅಂತ ಹೇಳಿದ್ಲು, ಕಾಕಾ."

ನನ್ನ ಹೆಸರು ಎತ್ತಿರಲಿಲ್ಲ. ಸ್ವಂತ ಮಗಳ ಮುಂದೆಯೂ.

ಗೊತ್ತಿಲ್ಲದ ನೂರಾ ಹನ್ನೆರಡು ದಿನಗಳ ಜಾಗಕ್ಕೆ ಬಣ್ಣ ಊಹಿಸಿ ಹಾಕಲು ಅವಳಿಗೂ ಮನಸ್ಸಾಗಲಿಲ್ಲ, ನನಗೂ. ನಾನು ಮನೆಗೆ ಹೋಗಿ, ಕಚೇರಿಗೆ ಹಾಕಿಕೊಂಡು ಸವೆದ ನನ್ನ ಬಿಳಿ ಅಂಗಿಗಳನ್ನು ತಂದೆ. ಉಟ್ಟು ಹರಿದದ್ದು. ನಾನೇ ಅಳತೆ ಹಿಡಿದು ನೂರಾ ಹನ್ನೆರಡು ತುಂಡು ಕತ್ತರಿಸಿ ಕೊಟ್ಟೆ. ಬಣ್ಣಗಳ ನಡುವೆ ಈಗ ಅಷ್ಟಗಲ ಬಿಳಿ ಇದೆ. ಈ ಹುಡುಗಿ ದೊಡ್ಡವಳಾಗಿ ಇದೇನೆಂದು ಕೇಳಿದರೆ ಹೇಳಲು ನಾನು ಇರುತ್ತೇನೋ ಇಲ್ಲವೋ. ಅದಕ್ಕೇ ಬರೆದಿಟ್ಟಿದ್ದೇನೆ.

ಇವತ್ತು ಉಳಿದಿದ್ದದ್ದು ಕೊನೆಯ ತುಂಡು, ಮಗು ಹುಟ್ಟಿದ ದಿನದ್ದು. ಆರೂವರೆಗೆ ಮಾಳಿಗೆಯ ಮೇಲೆ ಆ ದಿನದ ಚಿತ್ರ ತೆರೆದು, ತಾಯಿಯ ಗಂಟು ಬಿಚ್ಚಿ ಇಬ್ಬರೂ ಹುಡುಕಿದೆವು. ಅವಳು ಕುಸುಬೆ ಹೂವಿನ ಬಣ್ಣದ ತುಂಡು ಎತ್ತಿದಳು. ನಾನು ಬೇಡವೆಂದೆ.

"ಅದಲ್ಲವ್ವ. ಮೂಗಿನ ತುದಿಗಿ ಸ್ವಲ್ಪ ಕೆಂಪದ ನೋಡು."

ಅದು ನಿಜವಾಗಿಯೂ ಇತ್ತು. ಯಾರಿಗೆ ಹೇಳಬೇಕಾಗಿತ್ತೋ ಅವರಿರಲಿಲ್ಲ.

ಹನ್ನೊಂದು ಗಂಟೆಗೆ ಹೊಲಿಗೆ ಮುಗಿಯಿತು. ಕೌದಿ ಹಸಿದಿರಬಾರದು ಎಂದು ಅಕ್ಕ ಪ್ರತಿ ಕೌದಿಯ ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರೊಂದನ್ನು ಇಟ್ಟು ಬಾಯಿ ಹೊಲಿಯುತ್ತಿದ್ದರು. ಮಗಳು ಜೋಳದ ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟಳು. "ನೀವ ಇಡ್ರಿ, ಕಾಕಾ." ಇಟ್ಟೆ. ಅವಳು ಹೊಲಿದಳು. ಕೂಸು ಬಿಳಿ ತುಂಡುಗಳ ಮೇಲೆ ಬೋರಲು ಬಿದ್ದು ಜೊಲ್ಲು ಸುರಿಸಿತು.

ಮೂರು ಗಂಟೆಯ ಬಸ್ಸಿಗೆ ತಾಯಿ ಮಗಳನ್ನು ಸುರಪುರಕ್ಕೆ ಹತ್ತಿಸಿದೆ. ನಾಲ್ಕಕ್ಕೆ ಮನೆಗೆ ಬಂದೆ. ಮೊಬೈಲ್ ತುಂಬಿದೆ, ಬೇಡವಾದದ್ದನ್ನು ಅಳಿಸಿ ಎಂದು ನನ್ನ ಮೊಬೈಲಿನಲ್ಲಿ ಬರೆದು ಬಂದಿತ್ತು. ತೆರೆದು ನೋಡಿದೆ. ಗುಡ್ಡ, ಗುಡ್ಡ, ಗುಡ್ಡ. ಅದರಲ್ಲಿ ಹೆಚ್ಚಿನವು ಇವತ್ತಿಗೂ ನನ್ನ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಒಂದನ್ನೂ ಅಳಿಸದೆ ಚಾರ್ಜಿಗೆ ಹಾಕಿಟ್ಟೆ.